ವಿಂಡೋಸ್ 7, 10 ಮತ್ತು 11: ಒಂದೇ ರೋಮಿಂಗ್ ಪ್ರೊಫೈಲನ್ನು ಎಲ್ಲದರಲ್ಲೂ ಬಳಸಬಹುದೇ?

ಪ್ರಶ್ನೆ: ಲ್ಯಾಬ್ ನಿರ್ವಾಹಕ

ನಮಸ್ಕಾರ. ನಾನು ಒಂದು ಪದವಿ ಕಾಲೇಜಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ವಿಂಡೋಸ್ ಸರ್ವರ್ 2016ರಲ್ಲಿ ಆಕ್ಟಿವ್ ಡೈರೆಕ್ಟರಿ ಡೊಮೇನ್ (ಎಲ್ಲರ ಖಾತೆಗಳನ್ನೂ ಯಂತ್ರಗಳನ್ನೂ ಒಂದೆಡೆಯಿಂದ ನಿರ್ವಹಿಸುವ ವ್ಯವಸ್ಥೆ) ಇದೆ. ಅಧ್ಯಾಪಕರು ಮತ್ತು ಕಚೇರಿ ಸಿಬ್ಬಂದಿ ಸೇರಿ ಅರವತ್ತು ಚಿಲ್ಲರೆ ಮಂದಿಗೆ ರೋಮಿಂಗ್ ಪ್ರೊಫೈಲ್ ಮಾಡಿಕೊಟ್ಟಿದ್ದೇವೆ, ಅಂದರೆ ಅವರ ಡೆಸ್ಕ್‌ಟಾಪ್, ಕಡತಗಳು ಮತ್ತು ಸೆಟಿಂಗುಗಳು ಸರ್ವರಿನಲ್ಲಿದ್ದು ಅವರು ಕುಳಿತ ಯಂತ್ರಕ್ಕೆ ಬರುತ್ತವೆ. ಕಚೇರಿ, ಗ್ರಂಥಾಲಯ ಮತ್ತು ಮುಖ್ಯ ಲ್ಯಾಬಿನ ಯಂತ್ರಗಳೆಲ್ಲ ವಿಂಡೋಸ್ 10ರಲ್ಲಿವೆ. ಭಾಷಾ ಲ್ಯಾಬಿನ ಹದಿನೆಂಟು ಯಂತ್ರಗಳು ಮಾತ್ರ ಇಂದಿಗೂ ವಿಂಡೋಸ್ 7ರಲ್ಲೇ ಉಳಿದಿವೆ, ಏಕೆಂದರೆ ಅಲ್ಲಿನ ಹೆಡ್‌ಫೋನುಗಳನ್ನು ನಿಯಂತ್ರಿಸುವ ಪೆಟ್ಟಿಗೆಗೆ ಹೊಸ ಡ್ರೈವರ್ ಸಿಗುತ್ತಿಲ್ಲ, ಪೆಟ್ಟಿಗೆಯನ್ನೇ ಬದಲಾಯಿಸಲು ಈ ವರ್ಷ ಹಣವಿಲ್ಲ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೇ ಬೆಂಬಲ ನಿಂತಿದೆಯೆಂದು ಬಲ್ಲೆ. ಆ ಲ್ಯಾಬಿಗೆ ಇಂಟರ್ನೆಟ್ ಕೊಟ್ಟಿಲ್ಲ, ಒಳಜಾಲ ಮಾತ್ರ ಇದೆ. ಆದ್ದರಿಂದ ‘ಮೊದಲು ಅಪ್‌ಗ್ರೇಡ್ ಮಾಡಿ’ ಎಂಬ ಸಲಹೆಯನ್ನು ದಯವಿಟ್ಟು ಸದ್ಯಕ್ಕೆ ಬದಿಗಿಡಬೇಕೆಂದು ಕೋರುತ್ತೇನೆ.

ತೊಂದರೆ ಬಯಲಿಗೆ ಬಂದದ್ದು ಹೀಗೆ. ಕನ್ನಡ ವಿಭಾಗದ ಅಧ್ಯಾಪಕಿಯೊಬ್ಬರು ಭಾಷಾ ಲ್ಯಾಬಿನಲ್ಲಿ ಕುಳಿತು ಆಂತರಿಕ ಅಂಕಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ತುಂಬಿ, ಡೆಸ್ಕ್‌ಟಾಪಿನ ಮೇಲೆ ಉಳಿಸಿ, ಲಾಗಾಫ್ ಆಗಿ, ಮುದ್ರಿಸಿಕೊಳ್ಳಲು ಕಚೇರಿಗೆ ಹೋದರು. ಅಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಒಳಹೊಕ್ಕರೆ ಡೆಸ್ಕ್‌ಟಾಪ್ ಬೇರೆಯೇ ಇತ್ತು, ಪಟ್ಟಿ ಇರಲಿಲ್ಲ. ನನ್ನನ್ನು ಕರೆದಾಗ ಸರ್ವರಿನ ಪ್ರೊಫೈಲ್ ಷೇರನ್ನು (ಪ್ರೊಫೈಲುಗಳನ್ನಿಡುವ, ಜಾಲದಲ್ಲಿ ಹಂಚಿದ ಫೋಲ್ಡರನ್ನು) ತೆರೆದು ನೋಡಿದೆ. ಅವರ ಹೆಸರಿನಲ್ಲಿ ಎರಡು ಫೋಲ್ಡರುಗಳಿದ್ದವು: ಒಂದರ ಬಾಲದಲ್ಲಿ ‘.ವಿ2’ ಎಂದಿತ್ತು, ಇನ್ನೊಂದರಲ್ಲಿ ‘.ವಿ6’. ಅಂಕಪಟ್ಟಿ ವಿ2 ಒಳಗಿನ ಡೆಸ್ಕ್‌ಟಾಪ್ ಫೋಲ್ಡರಿನಲ್ಲಿ ಸುರಕ್ಷಿತವಾಗಿತ್ತು. ಬಳಕೆದಾರರ ಖಾತೆಯಲ್ಲಿ ಪ್ರೊಫೈಲ್ ಪಾತ್ ಕೊಡುವಾಗ ನಾನು ಇಂಥ ಬಾಲವನ್ನು ಎಲ್ಲಿಯೂ ಬರೆದಿರಲಿಲ್ಲ.

ನನ್ನ ಯೋಚನೆ ಏನೆಂದರೆ, ವಿ6 ಫೋಲ್ಡರನ್ನು ತೆಗೆದುಹಾಕಿ, ಅದೇ ಹೆಸರಿನಲ್ಲಿ ವಿ2 ಕಡೆಗೆ ತೋರಿಸುವ ಒಂದು ಜಂಕ್ಷನ್ ಮಾಡಿಬಿಟ್ಟರೆ ಎರಡೂ ವಿಂಡೋಸುಗಳು ಒಂದೇ ಪ್ರೊಫೈಲನ್ನು ಬಳಸುತ್ತವಲ್ಲವೇ? ಅದು ಸರಿಯಲ್ಲವೆಂದಾದರೆ ರಾತ್ರಿ ಹೊತ್ತು ರೋಬೋಕಾಪಿ ಎಂಬ ನಕಲು ಸಾಧನದಿಂದ ಒಂದನ್ನು ಇನ್ನೊಂದಕ್ಕೆ ಸರಿದೂಗಿಸಬಹುದೇ? ಮುಂದಿನ ತಿಂಗಳು ವಿಂಡೋಸ್ 11 ಇರುವ ಹತ್ತು ಯಂತ್ರಗಳು ಬರಲಿವೆ. ಆಗ ಮೂರನೆಯ ಫೋಲ್ಡರ್ ಹುಟ್ಟಿಕೊಳ್ಳುತ್ತದೆಯೇ?


ಉತ್ತರ 1: ಸರ್ವರ್ ಕೋಣೆ

ಜಂಕ್ಷನ್ ಖಂಡಿತ ಬೇಡ. ರೋಬೋಕಾಪಿಯೂ ಬೇಡ. ಕಾರಣವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ಏಕೆಂದರೆ ಈ ಬಾಲವನ್ನು ಒಂದು ಉಪದ್ರವವೆಂದು ಭಾವಿಸಿದವರೆಲ್ಲರೂ ಅದನ್ನು ದಾಟುವ ದಾರಿ ಹುಡುಕುತ್ತಾರೆ. ವಾಸ್ತವದಲ್ಲಿ ಅದು ನಿಮ್ಮನ್ನು ಕಾಯುತ್ತಿರುವ ಬೇಲಿ.

ಬಾಲವನ್ನು ಸೇರಿಸುವುದು ಸರ್ವರ್ ಅಲ್ಲ. ಲಾಗಿನ್ ಆಗುವ ಯಂತ್ರವೇ ತನ್ನ ಪೀಳಿಗೆಗೆ ತಕ್ಕಂತೆ ಅದನ್ನು ಸೇರಿಸಿಕೊಳ್ಳುತ್ತದೆ. ವಿಂಡೋಸ್ ಎಕ್ಸ್‌ಪಿ ಮತ್ತು ಸರ್ವರ್ 2003ರ ಕಾಲದಲ್ಲಿ ಬಾಲವಿರಲಿಲ್ಲ. ವಿಸ್ಟಾ ಬಂದಾಗ ಪ್ರೊಫೈಲಿನ ಒಳಗಿನ ವಿನ್ಯಾಸವೇ ಬದಲಾಯಿತು: ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟಿಂಗ್ಸ್’ ಹೋಗಿ ‘ಯೂಸರ್ಸ್’ ಬಂತು, ‘ಅಪ್ಲಿಕೇಷನ್ ಡೇಟಾ’ ಇದ್ದಲ್ಲಿ ‘ಆ್ಯಪ್‌ಡೇಟಾ’ ಬಂದು ಅದರೊಳಗೆ ಲೋಕಲ್, ಲೋಕಲ್‌ಲೋ, ರೋಮಿಂಗ್ ಎಂಬ ಮೂರು ಕೋಣೆಗಳಾದವು. ಹಳೆಯದರೊಂದಿಗೆ ಬೆರೆಯದಿರಲೆಂದು ಅಂದಿನಿಂದ ವಿ2 ಎಂಬ ಬಾಲ ಶುರುವಾಯಿತು. ವಿಂಡೋಸ್ 7 ಕೂಡ ಅದನ್ನೇ ಮುಂದುವರಿಸಿತು. ವಿಂಡೋಸ್ 8ಕ್ಕೆ ವಿ3, 8.1ಕ್ಕೆ ವಿ4, ವಿಂಡೋಸ್ 10ರ ಮೊದಲ ಎರಡು ಆವೃತ್ತಿಗಳಾದ 1507 ಮತ್ತು 1511ಕ್ಕೆ ವಿ5, 1607ರಿಂದ ಈಚೆಗೆ ವಿ6. ವಿಂಡೋಸ್ 11ಕ್ಕೂ ವಿ6 ಬಾಲವೇ ಇರುವುದರಿಂದ ನಿಮ್ಮಲ್ಲಿ ಮೂರನೆಯ ಫೋಲ್ಡರ್ ಹುಟ್ಟುವುದಿಲ್ಲ. ಆದರೆ ಅದನ್ನು ಒಳ್ಳೆಯ ಸುದ್ದಿಯೆಂದು ಈಗಲೇ ತೀರ್ಮಾನಿಸಬೇಡಿ. ಆ ವಿಷಯವನ್ನು ಬೇರೆಯಾಗಿ ನೋಡಬೇಕು.

ಪ್ರೊಫೈಲ್ ಎಂದರೆ ಕಡತಗಳ ಗಂಟು ಮಾತ್ರವಲ್ಲ. ಅದರ ಹೃದಯ ಎನ್‌ಟಿಯೂಸರ್.ಡ್ಯಾಟ್ ಎಂಬ ಕಡತದಲ್ಲಿದೆ. ಬಳಕೆದಾರ ಲಾಗಿನ್ ಆದಾಗ ವಿಂಡೋಸಿನ ಸೆಟಿಂಗುಗಳ ಸಂಗ್ರಹವಾದ ರಿಜಿಸ್ಟ್ರಿಯಲ್ಲಿ ಅವರ ವೈಯಕ್ತಿಕ ಭಾಗವಾಗಿ ತೆರೆದುಕೊಳ್ಳುವುದು ಇದೇ ಕಡತ. ಹೊಸ ವಿಂಡೋಸಿನಲ್ಲಿ ಮೊದಲ ಬಾರಿ ತೆರೆದಾಗ ಆ ವ್ಯವಸ್ಥೆ ತನಗೆ ಬೇಕಾದ ಕೀಲಿಗಳನ್ನು ಅದರಲ್ಲಿ ಬರೆಯುತ್ತದೆ, ಕೆಲವನ್ನು ತನ್ನ ರೂಪಕ್ಕೆ ಬದಲಾಯಿಸಿಕೊಳ್ಳುತ್ತದೆ. ಹಾಗೆ ಬದಲಾದದ್ದನ್ನು ಹಳೆಯ ವಿಂಡೋಸಿಗಾಗಿ ಹಿಂದಕ್ಕೆ ತಿರುಗಿಸುವ ಏರ್ಪಾಡು ಎಲ್ಲಿಯೂ ಇಲ್ಲ. ಹಳೆಯದಕ್ಕೆ ಹೊಸದರ ಬರವಣಿಗೆ ಅರ್ಥವಾಗದು, ಹೊಸದು ಹಳೆಯದರ ಬರವಣಿಗೆಯನ್ನು ತಿದ್ದದೆ ಬಿಡದು. ಸಾಲದ್ದಕ್ಕೆ ಈ ಕಡತ ಲಾಗಾಫ್ ಸಮಯದಲ್ಲಿ ಇಡಿಯಾಗಿ ಸರ್ವರಿಗೆ ಹೋಗುತ್ತದೆಯೇ ಹೊರತು ಬದಲಾದ ಸಾಲುಗಳಷ್ಟೇ ಹೋಗುವುದಿಲ್ಲ. ಒಬ್ಬರೇ ಎರಡು ಯಂತ್ರಗಳಲ್ಲಿ ಒಟ್ಟಿಗೆ ಲಾಗಿನ್ ಆಗಿದ್ದರೆ ಕೊನೆಗೆ ಲಾಗಾಫ್ ಆದ ಯಂತ್ರದ್ದೇ ಉಳಿಯುತ್ತದೆ. ರೋಬೋಕಾಪಿ ಬೇಡವೆಂದದ್ದು ಇದಕ್ಕಾಗಿಯೇ: ಅದು ಕಡತದ ದಿನಾಂಕ ಮತ್ತು ಗಾತ್ರವನ್ನಷ್ಟೇ ನೋಡುತ್ತದೆ, ಒಳಗಿರುವುದು ಯಾವ ಪೀಳಿಗೆಯ ರಿಜಿಸ್ಟ್ರಿಯೆಂದು ಕೇಳುವುದಿಲ್ಲ.

ನಿಮ್ಮ ಅಧ್ಯಾಪಕಿಗೆ ಬೇಕಾಗಿದ್ದದ್ದು ಪ್ರೊಫೈಲ್ ಅಲ್ಲ, ಅಂಕಪಟ್ಟಿ. ಹಾಗಾಗಿ ಕಡತಗಳನ್ನು ಪ್ರೊಫೈಲಿನಿಂದ ಹೊರಕ್ಕೆ ತೆಗೆಯಿರಿ. ಡೊಮೇನಿನ ಯಂತ್ರಗಳಿಗೂ ಬಳಕೆದಾರರಿಗೂ ಸರ್ವರಿನಿಂದಲೇ ನಿಯಮ ಹಾಕುವ ಗ್ರೂಪ್ ಪಾಲಿಸಿಯಲ್ಲಿ ಫೋಲ್ಡರ್ ರೀಡೈರೆಕ್ಷನ್ ಎಂಬ ವಿಭಾಗದಲ್ಲಿ ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಎರಡನ್ನೂ ಸರ್ವರಿನ ಬೇರೊಂದು ಷೇರಿಗೆ, ಪ್ರತಿ ಬಳಕೆದಾರರಿಗೂ ಒಂದೊಂದು ಫೋಲ್ಡರ್ ಆಗುವಂತೆ ತಿರುಗಿಸಿದರೆ, ವಿಂಡೋಸ್ 7 ಆಗಲಿ 10 ಆಗಲಿ ಒಂದೇ ಜಾಗವನ್ನು ತೋರಿಸುತ್ತವೆ. ವಿ2 ಮತ್ತು ವಿ6 ತಮ್ಮ ಪಾಡಿಗೆ ಬೇರೆಬೇರೆಯಾಗಿ ಉಳಿಯಲಿ. ಕಡತಗಳು ಆಚೆ ಹೋದ ಮೇಲೆ ಪ್ರೊಫೈಲ್ ತೆಳ್ಳಗಾಗಿ ಲಾಗಿನ್ ಕೂಡ ಚುರುಕಾಗುತ್ತದೆ.

ಷೇರಿನ ಅನುಮತಿಗಳನ್ನು ಕೊಡುವಾಗ ಮೇಲ್ಮಟ್ಟದ ಫೋಲ್ಡರಿನಲ್ಲಿ ಬಳಕೆದಾರರಿಗೆ ಪಟ್ಟಿ ನೋಡುವ ಮತ್ತು ಹೊಸ ಫೋಲ್ಡರ್ ಮಾಡುವ ಹಕ್ಕು ಸಾಕು, ಅದೂ ಆ ಫೋಲ್ಡರಿಗೆ ಮಾತ್ರ ಅನ್ವಯವಾಗುವಂತೆ. ಒಳಗಿನ ಫೋಲ್ಡರುಗಳ ಪೂರ್ಣ ಹಕ್ಕು ‘ಕ್ರಿಯೇಟರ್ ಓನರ್’ಗೆ, ಅಂದರೆ ಆ ಫೋಲ್ಡರ್ ಮಾಡಿದವರಿಗೆ ಇರಲಿ. ಪ್ರೊಫೈಲ್ ಷೇರಿನಲ್ಲಿ ಆಫ್‌ಲೈನ್ ಕ್ಯಾಶಿಂಗ್ (ಯಂತ್ರದಲ್ಲೇ ನಕಲು ಇಟ್ಟುಕೊಳ್ಳುವುದು) ಆಫ್ ಆಗಿದೆಯೇ ಎಂಬುದನ್ನೂ ನೋಡಿಕೊಳ್ಳಿ. ಅದು ಆನ್ ಇದ್ದರೆ ರೋಮಿಂಗ್‌ನ ನಕಲು ಮತ್ತು ಆಫ್‌ಲೈನ್ ನಕಲು ಎರಡೂ ಸೇರಿ ಒಂದೇ ಕಡತಕ್ಕೆ ಜಗಳವಾಡುತ್ತವೆ.


ಉತ್ತರ 2: ಕೈ ಸುಟ್ಟುಕೊಂಡವನು

ಮೇಲಿನವರ ಮಾತಿಗೆ ನನ್ನ ಅನುಭವದ ಸಾಕ್ಷಿ ಸೇರಿಸುತ್ತೇನೆ. ನೀವು ಜಂಕ್ಷನ್ ಹಾಕಿ ಮಾಡಲು ಹೊರಟಿರುವ ಪ್ರಯೋಗವನ್ನು ವಿಂಡೋಸ್ 8 ತಾನಾಗಿಯೇ ಮಾಡಿ ತೋರಿಸಿತ್ತು. 2012ರಲ್ಲಿ ಅದು ಬಿಡುಗಡೆಯಾದಾಗ ವಿ3 ಎಂಬ ಬಾಲ ಬಳಕೆಯಲ್ಲಿ ಇರಲಿಲ್ಲ. ವಿಂಡೋಸ್ 7ರ ವಿ2 ಫೋಲ್ಡರನ್ನೇ ಅದೂ ತೆರೆಯುತ್ತಿತ್ತು. ಆಮೇಲೆ ಮೈಕ್ರೋಸಾಫ್ಟ್ ಒಂದು ಹಾಟ್‌ಫಿಕ್ಸ್ (ದೋಷ ಸರಿಪಡಿಸುವ ಸಣ್ಣ ಅಪ್‌ಡೇಟ್) ಕೊಟ್ಟು, ಪ್ರೊಫೈಲ್ ಸೇವೆಯ ರಿಜಿಸ್ಟ್ರಿ ಕೀಲಿಯಡಿ ‘ಯೂಸ್‌ಪ್ರೊಫೈಲ್‌ಪಾತ್‌ಎಕ್ಸ್‌ಟೆನ್ಷನ್‌ವರ್ಷನ್’ ಎಂಬ ಮೌಲ್ಯವನ್ನು 1 ಎಂದು ಇಟ್ಟು ಯಂತ್ರವನ್ನು ಮರುಪ್ರಾರಂಭಿಸಿದರೆ ಮಾತ್ರ ವಿ3 ಬಾಲ ಬರುವಂತೆ ಮಾಡಿತು. 8.1ಕ್ಕೂ ಇದೇ ವಿಧಾನದಿಂದ ವಿ4 ಬಂತು. ವಿಂಡೋಸ್ 10ರಲ್ಲಿ ಈ ಕಸರತ್ತು ಬೇಕಾಗಲಿಲ್ಲ.

ಆ ಹಾಟ್‌ಫಿಕ್ಸ್ ಹಾಕದೆ ಕೆಲವು ತಿಂಗಳು ಕಳೆದ ಸಂಸ್ಥೆಯೊಂದರಲ್ಲಿ ನಾನು ಕೆಲಸ ಮಾಡುತ್ತಿದ್ದೆ. ಲೆಕ್ಕಪತ್ರ ವಿಭಾಗದ ಒಬ್ಬರು ಬೆಳಗ್ಗೆ ವಿಂಡೋಸ್ 8 ಲ್ಯಾಪ್‌ಟಾಪಿನಲ್ಲಿ, ಮಧ್ಯಾಹ್ನದ ಮೇಲೆ ವಿಂಡೋಸ್ 7 ಡೆಸ್ಕ್‌ಟಾಪಿನಲ್ಲಿ ಕೆಲಸ ಮಾಡುತ್ತಿದ್ದರು. ಮೊದಲ ವಾರ ಟಾಸ್ಕ್‌ಬಾರಿನಲ್ಲಿ ಅಂಟಿಸಿಕೊಂಡಿದ್ದ ಐಕಾನುಗಳು ಬಿಳಿ ಹಾಳೆಗಳಾದವು. ನಾನು ‘ಮತ್ತೆ ಅಂಟಿಸಿಕೊಳ್ಳಿ’ ಎಂದು ಹೇಳಿ ಕಳಿಸಿದೆ. ಎರಡನೆಯ ವಾರ ಲಾಗಿನ್ ಆಗಲು ನಾಲ್ಕೈದು ನಿಮಿಷ ಹಿಡಿಯತೊಡಗಿತು. ಮೂರನೆಯ ವಾರ ಒಂದು ದಿನ ಪರದೆಯ ಬಲಮೂಲೆಯಲ್ಲಿ ‘ನಿಮ್ಮನ್ನು ತಾತ್ಕಾಲಿಕ ಪ್ರೊಫೈಲಿನಲ್ಲಿ ಲಾಗಿನ್ ಮಾಡಲಾಗಿದೆ’ ಎಂಬರ್ಥದ ಇಂಗ್ಲಿಷ್ ಗುಳ್ಳೆ ಕಾಣಿಸಿತು. ಅವರು ಅದನ್ನು ಮುಚ್ಚಿ, ಇಡೀ ಮಧ್ಯಾಹ್ನ ಕುಳಿತು ಮಾಡಿದ ಲೆಕ್ಕವನ್ನು ಡೆಸ್ಕ್‌ಟಾಪಿನಲ್ಲಿ ಉಳಿಸಿ ಮನೆಗೆ ಹೋದರು. ತಾತ್ಕಾಲಿಕ ಪ್ರೊಫೈಲ್ ಲಾಗಾಫ್ ಆದೊಡನೆ ಅಳಿಸಿಹೋಗುತ್ತದೆ. ಆ ಕಡತ ಸರ್ವರಿಗೂ ಹೋಗಿರಲಿಲ್ಲ, ಯಂತ್ರದಲ್ಲಿಯೂ ಉಳಿದಿರಲಿಲ್ಲ. ವಿಂಡೋಸ್ ಘಟನೆಗಳನ್ನೂ ದೋಷಗಳನ್ನೂ ಬರೆದಿಡುವ ಈವೆಂಟ್ ಲಾಗಿನಲ್ಲಿ 1511 ಎಂಬ ಸಂಖ್ಯೆಯ ನಮೂದು ಮಾತ್ರ ನನಗಾಗಿ ಕಾದಿತ್ತು. ಮರುದಿನ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ ಎಂಬುದನ್ನು ಇಲ್ಲಿ ಒಪ್ಪಿಕೊಂಡರೆ ತಪ್ಪಿಲ್ಲ.

ನಿಮ್ಮ ಸಂದರ್ಭದಲ್ಲಿ ವಿಂಡೋಸ್ 7 ಮತ್ತು 10ರ ನಡುವಿನ ಅಂತರ ಇದಕ್ಕಿಂತ ದೊಡ್ಡದು. ರೀಡೈರೆಕ್ಷನ್ ಮಾಡುವ ಮೊದಲು ಒಂದು ಕೆಲಸ ಮಾಡಿ: ಪ್ರತಿಯೊಬ್ಬರ ವಿ2 ಮತ್ತು ವಿ6 ಎರಡರಿಂದಲೂ ಡೆಸ್ಕ್‌ಟಾಪ್ ಹಾಗೂ ಡಾಕ್ಯುಮೆಂಟ್ಸ್ ಫೋಲ್ಡರುಗಳ ನಕಲನ್ನು ಬೇರೆ ಡಿಸ್ಕಿಗೆ ತೆಗೆದಿಡಿ. ‘ಇರುವುದನ್ನು ಹೊಸ ಜಾಗಕ್ಕೆ ಸಾಗಿಸು’ ಎಂಬ ಆಯ್ಕೆ ಮೊದಲೇ ಗುರುತಾಗಿರುತ್ತದೆ, ಆದ್ದರಿಂದ ಎರಡೂ ಕಡೆಯ ಕಡತಗಳು ಒಂದೇ ಗಮ್ಯಕ್ಕೆ ಬಂದು ಸೇರುತ್ತವೆ. ಒಂದೇ ಹೆಸರಿನ ಎರಡು ಅಂಕಪಟ್ಟಿಗಳಿದ್ದರೆ ಯಾವುದು ಉಳಿಯಬೇಕೆಂಬುದನ್ನು ಯಂತ್ರಕ್ಕೆ ಬಿಡಬಾರದು.


ಮರುಪ್ರಶ್ನೆ: ಲ್ಯಾಬ್ ನಿರ್ವಾಹಕ

ಇಬ್ಬರಿಗೂ ಧನ್ಯವಾದಗಳು. ಜಂಕ್ಷನ್ ವಿಚಾರವನ್ನು ಕೈಬಿಟ್ಟಿದ್ದೇನೆ. ಮೂರು ಮಂದಿಯ ಖಾತೆಗಳ ಮೇಲೆ ರೀಡೈರೆಕ್ಷನ್ ಪರೀಕ್ಷಿಸಿದೆ. ಮೊದಲ ಲಾಗಿನ್‌ನಲ್ಲಿ ಏನೂ ಆಗದೆ ಗಾಬರಿಯಾಯಿತು, ಎರಡನೆಯ ಸಲ ಲಾಗಿನ್ ಆದಾಗ ಡೆಸ್ಕ್‌ಟಾಪ್ ಸರ್ವರಿನಿಂದಲೇ ತೆರೆದುಕೊಂಡಿತು. ಅಂಕಪಟ್ಟಿ ಈಗ ಎರಡೂ ಕಡೆ ಕಾಣುತ್ತಿದೆ.

ಆದರೆ ಆ ಅಧ್ಯಾಪಕಿ ಇನ್ನೂ ಪೂರ್ತಿ ಸಮಾಧಾನಗೊಂಡಿಲ್ಲ. ಭಾಷಾ ಲ್ಯಾಬಿನಲ್ಲಿ ಅವರು ಸ್ಟಿಕಿ ನೋಟ್ಸ್‌ನಲ್ಲಿ ಬರೆದಿಟ್ಟ ಟಿಪ್ಪಣಿಗಳು ಕಚೇರಿಯಲ್ಲಿ ಕಾಣುತ್ತಿಲ್ಲ. ವರ್ಡ್‌ನಲ್ಲಿ ತುಂಗಾ ಅಕ್ಷರಗಳಲ್ಲಿ ಬರೆದ ಪಾಠ ಟಿಪ್ಪಣಿ ಕಚೇರಿಯಲ್ಲಿ ಬೇರೆ ಅಕ್ಷರರೂಪದಲ್ಲಿ ತೆರೆಯುತ್ತದೆ, ಪುಟಗಳ ಲೆಕ್ಕ ತಪ್ಪುತ್ತದೆ. ಕಚೇರಿಯಲ್ಲಿ ಅವರು ಬಳಸುವ ಕನ್ನಡ ಫೊನೆಟಿಕ್ ಕೀಬೋರ್ಡ್ ಲ್ಯಾಬಿನಲ್ಲಿ ಇಲ್ಲ. ಇವೆಲ್ಲ ಆ್ಯಪ್‌ಡೇಟಾದಲ್ಲಿ ಇರುವಂಥವೆಂದು ಊಹಿಸಿದ್ದೇನೆ. ರೀಡೈರೆಕ್ಷನ್ ಪಟ್ಟಿಯಲ್ಲಿ ‘ಆ್ಯಪ್‌ಡೇಟಾ (ರೋಮಿಂಗ್)’ ಎಂಬುದೂ ಇದೆ. ಅದನ್ನೂ ಅದೇ ಷೇರಿಗೆ ತಿರುಗಿಸಿದರೆ ಮುಗಿಯುತ್ತದೆಯೇ?


ಉತ್ತರ 3: ಸರ್ವರ್ ಕೋಣೆ

ಎರಡು ಸಲ ಲಾಗಿನ್ ಆಗಬೇಕಾದದ್ದು ದೋಷವಲ್ಲ. ಜಾಲ ಸಿದ್ಧವಾಗುವ ಮೊದಲೇ ಬಳಕೆದಾರರನ್ನು ಒಳಗೆ ಬಿಟ್ಟುಕೊಳ್ಳುವ ಅಭ್ಯಾಸ ವಿಂಡೋಸಿಗಿದೆ. ‘ಯಾವಾಗಲೂ ಜಾಲಕ್ಕಾಗಿ ಕಾಯಿ’ ಎಂಬರ್ಥದ ಪಾಲಿಸಿಯನ್ನು ಆನ್ ಮಾಡಿದರೆ ಮೊದಲ ಸಲವೇ ಆಗುತ್ತದೆ.

ಆ್ಯಪ್‌ಡೇಟಾವನ್ನು ಮಾತ್ರ ಮುಟ್ಟಬೇಡಿ. ಪ್ರೊಫೈಲಿನ ಬಾಲ ಯಾವ ಬೆರಕೆಯನ್ನು ತಡೆಯುತ್ತಿದೆಯೋ ಅದನ್ನೇ ಹಿಂಬಾಗಿಲಿನಿಂದ ಒಳಗೆ ಕರೆದಂತಾಗುತ್ತದೆ. ಸುಲಭವಾಗಿ ಕಣ್ಣಿಗೆ ಕಾಣುವ ಉದಾಹರಣೆ ಫೈರ್‌ಫಾಕ್ಸ್. ಅದರ ಬಳಕೆದಾರ ಮಾಹಿತಿ ರೋಮಿಂಗ್ ಕೋಣೆಯಲ್ಲಿದೆ. ವಿಂಡೋಸ್ 7ರಲ್ಲಿ ಓಡುವ ಕೊನೆಯ ಫೈರ್‌ಫಾಕ್ಸ್ 115ರ ಇಎಸ್‌ಆರ್ (ದೀರ್ಘಾವಧಿ ಬೆಂಬಲದ) ಸರಣಿ. ನಿಮ್ಮ ಕಚೇರಿಯಲ್ಲಿ ಅದಕ್ಕಿಂತ ಹೊಸದು ಇರುತ್ತದೆ. ಕಚೇರಿಯಲ್ಲಿ ತೆರೆದ ಮಾಹಿತಿಯನ್ನು ಲ್ಯಾಬಿನ ಹಳೆಯ ಫೈರ್‌ಫಾಕ್ಸ್ ತೆರೆಯಲು ಹೋದರೆ, 2019ರಲ್ಲಿ 67ನೆಯ ಆವೃತ್ತಿಯಿಂದ ಸೇರಿಸಿದ ಕಾವಲು ಅದನ್ನು ತಡೆದು, ಹೊಸ ಪ್ರೊಫೈಲ್ ಮಾಡಿಕೊಳ್ಳಿ ಇಲ್ಲವೇ ಮುಚ್ಚಿ ಎನ್ನುತ್ತದೆ. ಫೈರ್‌ಫಾಕ್ಸ್ ಕನಿಷ್ಠ ಬಾಯಿ ಬಿಟ್ಟು ಹೇಳುತ್ತದೆ. ಎಷ್ಟೋ ತಂತ್ರಾಂಶಗಳು ಏನೂ ಹೇಳದೆ ಹೊಸ ರೂಪದ ಕಡತವನ್ನು ಹಳೆಯದೆಂದು ಓದಿ, ಅರ್ಥವಾಗದ ಭಾಗವನ್ನು ಕೈಬಿಟ್ಟು, ಉಳಿದದ್ದನ್ನು ಬರೆದುಬಿಡುತ್ತವೆ. ಜೊತೆಗೆ ಪ್ರತಿ ಸಣ್ಣ ಓದುಬರಹವೂ ಜಾಲದ ಮೂಲಕವೇ ನಡೆಯುವುದರಿಂದ ತಂತ್ರಾಂಶಗಳು ತೆವಳುತ್ತವೆ.

ಇನ್ನು ಅಧ್ಯಾಪಕಿಯ ಮೂರು ದೂರುಗಳು. ಅವು ಒಂದೇ ಜಾತಿಯವಲ್ಲ.

ಸ್ಟಿಕಿ ನೋಟ್ಸ್ ವಿಂಡೋಸ್ 7ರಲ್ಲಿ ಟಿಪ್ಪಣಿಗಳನ್ನೆಲ್ಲ ರೋಮಿಂಗ್ ಕೋಣೆಯಲ್ಲಿ ‘ಸ್ಟಿಕಿನೋಟ್ಸ್.ಎಸ್‌ಎನ್‌ಟಿ’ ಎಂಬ ಒಂದೇ ಕಡತದಲ್ಲಿ ಇಡುತ್ತಿತ್ತು. ವಿಂಡೋಸ್ 10ರ 1607ರಿಂದ ಅದು ಸ್ಟೋರ್ ಆ್ಯಪ್ ಆಗಿ, ಟಿಪ್ಪಣಿಗಳು ‘ಪ್ಲಮ್.ಎಸ್‌ಕ್ಯೂಲೈಟ್’ ಎಂಬ ದತ್ತಸಂಗ್ರಹಕ್ಕೆ, ಅದೂ ಲೋಕಲ್ ಕೋಣೆಯೊಳಗಿನ ಪ್ಯಾಕೇಜಸ್ ಫೋಲ್ಡರಿಗೆ ಹೋದವು. ಲೋಕಲ್ ಕೋಣೆ ರೋಮ್ ಆಗುವುದೇ ಇಲ್ಲ. ಹಾಗಾಗಿ ನೀವು ಆ್ಯಪ್‌ಡೇಟಾ ರೋಮಿಂಗನ್ನು ತಿರುಗಿಸಿದ್ದರೂ ಇದು ಬಗೆಹರಿಯುತ್ತಿರಲಿಲ್ಲ. ಹಳೆಯ ಟಿಪ್ಪಣಿಗಳನ್ನು ಒಂದು ಸಲಕ್ಕೆ ತರಬಹುದು: ಆ್ಯಪನ್ನು ಮುಚ್ಚಿ, ಅದರ ಲೋಕಲ್‌ಸ್ಟೇಟ್ ಫೋಲ್ಡರಿನಲ್ಲಿ ‘ಲೆಗಸಿ’ ಎಂಬ ಫೋಲ್ಡರ್ ಮಾಡಿ, ಹಳೆಯ ಕಡತವನ್ನು ‘ಥ್ರೆಶೋಲ್ಡ್‌ನೋಟ್ಸ್.ಎಸ್‌ಎನ್‌ಟಿ’ ಎಂದು ಹೆಸರು ಬದಲಿಸಿ ಅಲ್ಲಿ ಹಾಕಿದರೆ ಆ್ಯಪ್ ತೆರೆದಾಗ ಅವು ಬರುತ್ತವೆ. ಬಂದ ಮೇಲೆ ಆ ಒಂದು ಯಂತ್ರದಲ್ಲಿ ಮಾತ್ರ ಇರುತ್ತವೆ. ನನ್ನ ಸಲಹೆಯೆಂದರೆ ಡೆಸ್ಕ್‌ಟಾಪಿನಲ್ಲಿ ಒಂದು ಸಾದಾ ಪಠ್ಯ ಕಡತ ಇಟ್ಟುಕೊಳ್ಳಲು ಹೇಳಿ. ರೀಡೈರೆಕ್ಷನ್ ಅದನ್ನು ಎಲ್ಲೆಡೆ ತೋರಿಸುತ್ತದೆ.

ತುಂಗಾ ಅಕ್ಷರಗಳ ವಿಷಯ ಪ್ರೊಫೈಲಿಗೆ ಸಂಬಂಧಿಸಿದ್ದೇ ಅಲ್ಲ. ವಿಂಡೋಸ್ 7ರಲ್ಲಿ ತುಂಗಾ ಮೊದಲಿನಿಂದಲೇ ಇರುತ್ತದೆ. ವಿಂಡೋಸ್ 8ರಿಂದ ನಿರ್ಮಲಾ ಯುಐ ಬಂದು, 10ರಲ್ಲಿ ತುಂಗಾ ಐಚ್ಛಿಕ ಸೌಲಭ್ಯಗಳ ಪಟ್ಟಿಗೆ ಸರಿಯಿತು. ಸೆಟಿಂಗ್ಸ್‌ನಲ್ಲಿ ಐಚ್ಛಿಕ ಸೌಲಭ್ಯಗಳಡಿ ಕನ್ನಡದ ಪೂರಕ ಫಾಂಟುಗಳನ್ನು ಎಲ್ಲ ವಿಂಡೋಸ್ 10 ಯಂತ್ರಗಳಿಗೂ ಸೇರಿಸಿ, ಪುಟಗಳ ಲೆಕ್ಕ ಸರಿಹೋಗುತ್ತದೆ. ನುಡಿಯ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಬರೆದ ಕಡತಗಳಿದ್ದರೆ ಆ ಫಾಂಟುಗಳೂ ಎಲ್ಲ ಯಂತ್ರಗಳಲ್ಲಿ ಇರಲೇಬೇಕು, ಇಲ್ಲವಾದರೆ ಕನ್ನಡದ ಬದಲು ಲ್ಯಾಟಿನ್ ಅಕ್ಷರಗಳ ಸಂತೆ ಕಾಣುತ್ತದೆ. ಇಲ್ಲೊಂದು ಹೊಂಚು ಇದೆ. ವಿಂಡೋಸ್ 10ರ 1809ರಿಂದ ಫಾಂಟಿನ ಮೇಲೆ ‘ಇನ್‌ಸ್ಟಾಲ್’ ಎಂದು ಒತ್ತಿದರೆ ಅದು ಆ ಬಳಕೆದಾರರಿಗೆ ಮಾತ್ರ ಸ್ಥಾಪನೆಯಾಗುತ್ತದೆ: ಫಾಂಟಿನ ಕಡತ ಲೋಕಲ್ ಕೋಣೆಗೆ, ಅದರ ನಮೂದು ಎನ್‌ಟಿಯೂಸರ್.ಡ್ಯಾಟ್‌ಗೆ. ನಮೂದು ರೋಮ್ ಆಗುತ್ತದೆ, ಕಡತ ಆಗುವುದಿಲ್ಲ. ಇನ್ನೊಂದು ಯಂತ್ರಕ್ಕೆ ಹೋದಾಗ ರಿಜಿಸ್ಟ್ರಿ ‘ಇದೆ’ ಎನ್ನುತ್ತದೆ, ಡಿಸ್ಕ್ ‘ಇಲ್ಲ’ ಎನ್ನುತ್ತದೆ. ಆದ್ದರಿಂದ ‘ಎಲ್ಲ ಬಳಕೆದಾರರಿಗೆ’ ಎಂಬ ಆಯ್ಕೆಯಿಂದಲೇ ಹಾಕಿ.

ಫೊನೆಟಿಕ್ ಕೀಬೋರ್ಡ್ ವಿಂಡೋಸ್ 10ರ 1903ರಲ್ಲಿ, ಅಂದರೆ 2019ರ ಮೇ ತಿಂಗಳ ಅಪ್‌ಡೇಟಿನಲ್ಲಿ, ಹತ್ತು ಭಾರತೀಯ ಭಾಷೆಗಳಿಗೆ ಒಟ್ಟಿಗೆ ಬಂದದ್ದು. ವಿಂಡೋಸ್ 7ರಲ್ಲಿ ಅದು ಇಲ್ಲವೇ ಇಲ್ಲ, ಆದ್ದರಿಂದ ಅದನ್ನು ಒಯ್ಯುವ ಪ್ರಶ್ನೆಯೂ ಬರುವುದಿಲ್ಲ. ಎರಡರಲ್ಲೂ ಸಮಾನವಾಗಿರುವುದು ಇನ್‌ಸ್ಕ್ರಿಪ್ಟ್ ಎಂಬ ಕೀಬೋರ್ಡ್ ವಿನ್ಯಾಸ; ಅಥವಾ ಲ್ಯಾಬಿನಲ್ಲಿ ನುಡಿಯನ್ನೋ ಬರಹವನ್ನೋ ಹಾಕಿಕೊಡಿ. ಆಯ್ಕೆ ಮಾಡಿದ ಕೀಬೋರ್ಡಿನ ನೆನಪು ಬಳಕೆದಾರರ ರಿಜಿಸ್ಟ್ರಿ ಭಾಗದಲ್ಲಿ ಉಳಿಯುವುದರಿಂದ ವಿ2ರಲ್ಲಿ ಒಮ್ಮೆ, ವಿ6ರಲ್ಲಿ ಒಮ್ಮೆ ಹೊಂದಿಸಿದರೆ ಸಾಕು.

ಮತ್ತೊಂದು ಮಾತು. ರೀಡೈರೆಕ್ಟ್ ಆದ ಫೋಲ್ಡರುಗಳನ್ನು ವಿಂಡೋಸ್ ತಾನಾಗಿಯೇ ಆಫ್‌ಲೈನ್ ಆಗಿಯೂ ಇಟ್ಟುಕೊಳ್ಳಲು ನೋಡುತ್ತದೆ. ಒಬ್ಬರದೇ ಲ್ಯಾಪ್‌ಟಾಪಿಗೆ ಅದು ಉಪಕಾರ. ದಿನಕ್ಕೆ ಎಂಟು ಮಂದಿ ಕುಳಿತು ಏಳುವ ಲ್ಯಾಬ್ ಯಂತ್ರದಲ್ಲಿ ಎಲ್ಲರ ಕಡತಗಳ ನಕಲು ಸೇರಿ ಡಿಸ್ಕ್ ತುಂಬುತ್ತದೆ. ಅದನ್ನು ತಡೆಯುವ ಪಾಲಿಸಿ ಇದೆ, ಲ್ಯಾಬ್ ಯಂತ್ರಗಳಿಗೆ ಅದನ್ನು ಅನ್ವಯಿಸಿ.


ಉತ್ತರ 4: ಪೆಂಗ್ವಿನ್ ಪಕ್ಷ

ನಾನು ಭಿನ್ನಮತ ದಾಖಲಿಸುತ್ತೇನೆ. ಅರವತ್ತು ಮಂದಿಗೆ ರೋಮಿಂಗ್ ಪ್ರೊಫೈಲ್ ಏಕೆ ಬೇಕು? ಡಾಕ್ಯುಮೆಂಟ್ಸ್ ಮತ್ತು ಡೆಸ್ಕ್‌ಟಾಪ್ ಸರ್ವರಿನಿಂದ ಬರುವಂತಾದ ಮೇಲೆ ಖಾತೆಗಳಿಂದ ಪ್ರೊಫೈಲ್ ಪಾತನ್ನೇ ಅಳಿಸಿ, ಪ್ರತಿ ಯಂತ್ರದಲ್ಲೂ ಸ್ಥಳೀಯ ಪ್ರೊಫೈಲ್ ಇರಲು ಬಿಟ್ಟರೆ ವಿ2, ವಿ6 ಎಂಬ ಕಥೆಯೇ ಮುಗಿಯುತ್ತದೆ. ವಿಂಡೋಸ್ 11ರ ಸ್ಟಾರ್ಟ್ ಮೆನುವಿನಲ್ಲಿ ಅಂಟಿಸಿದ ಆ್ಯಪುಗಳ ವಿವರ ಲೋಕಲ್ ಕೋಣೆಯಲ್ಲಿರುತ್ತದೆ, ರೋಮ್ ಆಗುವುದಿಲ್ಲ. ಕ್ರೋಮ್‌ನ ಮಾಹಿತಿಯೂ ಲೋಕಲ್ ಕೋಣೆಯಲ್ಲೇ. ಇಷ್ಟೆಲ್ಲ ಹೊರಗುಳಿದ ಮೇಲೆ ರೋಮಿಂಗ್ ಹೊತ್ತು ತಿರುಗುವುದು ಏನನ್ನು?

ಇದು ವಿಂಡೋಸಿನ ಶಾಪವೊಂದೇ ಅಲ್ಲವೆಂಬುದನ್ನೂ ಹೇಳಬೇಕು. ನಾವು ಲಿನಕ್ಸ್ ಲ್ಯಾಬಿನಲ್ಲಿ ಎನ್‌ಎಫ್‌ಎಸ್ ಎಂಬ ಜಾಲ ಕಡತ ವ್ಯವಸ್ಥೆಯ ಮೂಲಕ ಒಂದೇ ಹೋಮ್ ಡೈರೆಕ್ಟರಿಯನ್ನು ಹಳೆಯ ಮತ್ತು ಹೊಸ ವಿತರಣೆಗಳೆರಡಕ್ಕೂ ಕೊಟ್ಟಿದ್ದೇವೆ. ಅಲ್ಲಿ ಬಾಲವೂ ಇಲ್ಲ, ಬೇಲಿಯೂ ಇಲ್ಲ; ಚುಕ್ಕಿಯಿಂದ ಶುರುವಾಗುವ ಸೆಟಿಂಗ್ ಕಡತಗಳನ್ನು ಹೊಸ ಡೆಸ್ಕ್‌ಟಾಪ್ ಬದಲಿಸಿದರೆ ಹಳೆಯದು ಅದನ್ನೇ ನುಂಗಬೇಕು. ಮೈಕ್ರೋಸಾಫ್ಟಿನವರು ಬಾಲ ಹಚ್ಚಿದ್ದನ್ನು ಆ ಮಟ್ಟಿಗೆ ಮೆಚ್ಚುತ್ತೇನೆ. ಇಂಥ ಮಾತು ನನ್ನಿಂದ ಅಪರೂಪ.


ಉತ್ತರ 5: ಸರ್ವರ್ ಕೋಣೆ

ಭಿನ್ನಮತದಲ್ಲಿ ಹುರುಳಿದೆ, ಆದರೆ ಪೂರ್ತಿ ಒಪ್ಪಲಾರೆ. ರೋಮಿಂಗ್ ಕೋಣೆಯಲ್ಲಿ ಉಳಿಯುವ ಕೆಲವು ವಸ್ತುಗಳು ಸಣ್ಣವಾದರೂ ಜನರಿಗೆ ಪ್ರಿಯವಾದವು: ಔಟ್‌ಲುಕ್ ಸಹಿಗಳು, ವರ್ಡ್‌ನ ನಾರ್ಮಲ್ ಟೆಂಪ್ಲೇಟ್, ತಾವೇ ಸೇರಿಸಿಕೊಂಡ ಪದಗಳ ನಿಘಂಟು. ಕಚೇರಿಯಲ್ಲಿ ಮೂರು ಮೇಜುಗಳ ನಡುವೆ ಓಡಾಡುವವರಿಗೆ ಅವು ಪ್ರತಿ ಯಂತ್ರದಲ್ಲೂ ಸಿಗುವುದು ದೊಡ್ಡ ಅನುಕೂಲ. ಕಚೇರಿ ಸಿಬ್ಬಂದಿಗೆ ರೋಮಿಂಗ್ ಇರಲಿ. ಭಾಷಾ ಲ್ಯಾಬಿನ ಹದಿನೆಂಟು ಯಂತ್ರಗಳಿಗೆ ಮಾತ್ರ ‘ಸ್ಥಳೀಯ ಪ್ರೊಫೈಲ್ ಮಾತ್ರ’ ಎಂಬ ಕಂಪ್ಯೂಟರ್ ಪಾಲಿಸಿಯನ್ನು ಹಾಕಿಬಿಡಿ. ಆಗ ಹೊಸ ವಿ2 ಫೋಲ್ಡರುಗಳು ಹುಟ್ಟುವುದು ನಿಲ್ಲುತ್ತದೆ, ಕಡತಗಳು ರೀಡೈರೆಕ್ಷನ್ ಮೂಲಕ ಎಂದಿನಂತೆ ಬರುತ್ತವೆ.

ವಿಂಡೋಸ್ 11ರ ವಿಷಯಕ್ಕೆ ಮರಳೋಣ. 10 ಮತ್ತು 11 ಎರಡೂ ವಿ6 ಫೋಲ್ಡರನ್ನೇ ಬಳಸುವುದರಿಂದ, ನೀವು ಮೊದಲಿಗೆ ಬಯಸಿದ್ದ ಹಂಚಿಕೆ ಅಲ್ಲಿ ಕೇಳದೆಯೇ ದೊರೆಯುತ್ತದೆ. ಬಹುಮಟ್ಟಿಗೆ ಅದು ನಡೆಯುತ್ತದೆ. 7 ಮತ್ತು 10ರ ನಡುವಿನಷ್ಟು ಕಂದಕ ಇಲ್ಲಿಲ್ಲ. ಆದರೂ ಟಾಸ್ಕ್‌ಬಾರಿನ ಅಂಟುಗಳು ಮತ್ತು ಎಕ್ಸ್‌ಪ್ಲೋರರ್ ಸೆಟಿಂಗುಗಳು ಅತ್ತಿತ್ತ ಓಡಾಡುವವರಲ್ಲಿ ಕಲಸಿಹೋಗಬಹುದು. ದಿನವೂ ಎರಡೂ ಕಡೆ ಕೂರುವವರು ಹೆಚ್ಚಿದ್ದರೆ, ವಿಂಡೋಸ್ 11 ಯಂತ್ರಗಳನ್ನು ಆಕ್ಟಿವ್ ಡೈರೆಕ್ಟರಿಯಲ್ಲಿ ಬೇರೆ ಓಯು (ಯಂತ್ರಗಳ ಮತ್ತು ಖಾತೆಗಳ ಗುಂಪು) ಒಳಗಿಟ್ಟು, ‘ಈ ಕಂಪ್ಯೂಟರಿಗೆ ಲಾಗಿನ್ ಆಗುವ ಎಲ್ಲರ ರೋಮಿಂಗ್ ಪ್ರೊಫೈಲ್ ಪಾತ್’ ಎಂಬ ಕಂಪ್ಯೂಟರ್ ಪಾಲಿಸಿಯಲ್ಲಿ ಇನ್ನೊಂದು ಷೇರಿನ ಹೆಸರು ಕೊಡಿ. ಈ ಪಾಲಿಸಿ ಬಳಕೆದಾರರ ಖಾತೆಯಲ್ಲಿ ಬರೆದ ಪಾತ್‌ಗಿಂತ ಮೇಲಿನದು. ಬಾಲ ಆಗಲೂ ವಿ6 ಎಂದೇ ಇರುತ್ತದೆ, ಷೇರು ಬೇರೆಯಾಗುತ್ತದೆ. ಪಾತ್ ಬರೆಯುವಾಗ ಬಾಲವನ್ನು ನೀವು ಬರೆಯಬಾರದು. ಬರೆದರೆ ಹೆಸರಿಗೆ ಎರಡು ಬಾಲ ಬಂದು ಆಮೇಲೆ ನೀವೇ ಹುಡುಕಾಡಬೇಕಾಗುತ್ತದೆ.

ಬೇರೆ ಮಾರ್ಗಗಳನ್ನೂ ಯಾರಾದರೂ ಸೂಚಿಸಬಹುದು. ಎಫ್‌ಎಸ್‌ಲಾಜಿಕ್ಸ್ ಇದೆ, 2018ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಂಡುಕೊಂಡಿತು. ಇಡೀ ಪ್ರೊಫೈಲನ್ನು ಒಂದು ವರ್ಚುವಲ್ ಡಿಸ್ಕಿನಲ್ಲಿ ಇಟ್ಟು ಲಾಗಿನ್ ಸಮಯದಲ್ಲಿ ಜೋಡಿಸುತ್ತದೆ. ಅದು ಮುಖ್ಯವಾಗಿ ರಿಮೋಟ್ ಡೆಸ್ಕ್‌ಟಾಪ್ ಮತ್ತು ವರ್ಚುವಲ್ ಡೆಸ್ಕ್‌ಟಾಪ್ ನಡೆಸುವವರಿಗೆ. ನಿಮ್ಮ ಲ್ಯಾಬಿಗೆ ಅದರ ಪರವಾನಗಿ ಲೆಕ್ಕ ಹಾಕುವಷ್ಟರಲ್ಲಿ ಹೆಡ್‌ಫೋನ್ ಪೆಟ್ಟಿಗೆಯೇ ಬಂದುಬಿಡಬಹುದು.


ಪ್ರಶ್ನೆ ಕೇಳಿದವರಿಂದ: ಲ್ಯಾಬ್ ನಿರ್ವಾಹಕ

ಕೊನೆಗೆ ಮಾಡಿದ್ದನ್ನು ದಾಖಲಿಸುತ್ತೇನೆ. ಎಲ್ಲರ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳನ್ನು ಮೊದಲು ನಕಲು ತೆಗೆದು, ಆನಂತರ ರೀಡೈರೆಕ್ಷನ್ ಹಾಕಿದೆ. ನಕಲು ತೆಗೆದದ್ದು ಒಳ್ಳೆಯದಾಯಿತು: ಗ್ರಂಥಪಾಲಕರ ವಿ2 ಮತ್ತು ವಿ6 ಎರಡರಲ್ಲೂ ‘ಪುಸ್ತಕ ಪಟ್ಟಿ’ ಎಂಬ ಒಂದೇ ಹೆಸರಿನ ಎಕ್ಸೆಲ್ ಕಡತಗಳಿದ್ದವು, ಒಳಗಿನ ಸಾಲುಗಳು ಮಾತ್ರ ಬೇರೆ. ಅವರೇ ಕುಳಿತು ಎರಡನ್ನೂ ಒಂದು ಮಾಡಿದರು. ಭಾಷಾ ಲ್ಯಾಬನ್ನು ಸ್ಥಳೀಯ ಪ್ರೊಫೈಲಿಗೆ ಇಳಿಸಿದ್ದೇನೆ. ಹಳೆಯ ವಿ2 ಫೋಲ್ಡರುಗಳನ್ನು ಅಳಿಸಿಲ್ಲ, ಒಂದು ಸೆಮಿಸ್ಟರ್ ಕಳೆಯಲಿ. ತುಂಗಾ ಸರಿಹೋಯಿತು. ಲ್ಯಾಬಿಗೆ ನುಡಿ ಹಾಕಿಕೊಟ್ಟೆ. ಸ್ಟಿಕಿ ನೋಟ್ಸ್ ಬದಲು ಅಧ್ಯಾಪಕಿ ಡೆಸ್ಕ್‌ಟಾಪಿನಲ್ಲಿ ‘ನೆನಪು’ ಎಂಬ ಪಠ್ಯ ಕಡತ ಇಟ್ಟುಕೊಂಡಿದ್ದಾರೆ.

ಇಬ್ಬರ ಖಾತೆಗಳಲ್ಲಿ ಮಾತ್ರ ರೀಡೈರೆಕ್ಷನ್ ಹಿಡಿಯಲಿಲ್ಲ, ಈವೆಂಟ್ ಲಾಗಿನಲ್ಲಿ 502 ಎಂದು ಬಂತು. ಅವರ ಫೋಲ್ಡರುಗಳನ್ನು ನಾನೇ ಮೊದಲು ಕೈಯಾರೆ ಮಾಡಿಟ್ಟಿದ್ದೆ, ಹಾಗಾಗಿ ಒಡೆತನ ನನ್ನ ಹೆಸರಿನಲ್ಲಿತ್ತು. ‘ಬಳಕೆದಾರರಿಗೆ ಮಾತ್ರ ಹಕ್ಕು’ ಎಂಬ ಆಯ್ಕೆ ಆನ್ ಆಗಿದ್ದುದರಿಂದ ವಿಂಡೋಸ್ ಅವನ್ನು ಒಪ್ಪಲಿಲ್ಲ. ಒಡೆತನವನ್ನು ಅವರಿಗೇ ವರ್ಗಾಯಿಸಿದ ಮೇಲೆ ಮುಂದಿನ ಲಾಗಿನ್‌ನಲ್ಲಿ ಸರಿಯಾಯಿತು. ಇದೇ ದಾರಿ ಹಿಡಿಯುವವರು ಫೋಲ್ಡರುಗಳನ್ನು ತಾವಾಗಿ ಮಾಡಿಡದೆ ವಿಂಡೋಸ್ ಮಾಡಿಕೊಳ್ಳಲು ಬಿಡಬೇಕು.